ಹಂಚಿನ ಮುಂದೆ ಕೂತವರು

ಗದಗಿನಿಂದ ಮುಳಗುಂದದ ದಾರಿ ಹಿಡಿದರೆ ಊರು ಮುಗಿಯುವ ಹೊತ್ತಿಗೆ ಮಲ್ಲಸಮುದ್ರ. ಹೆಸರಿನಲ್ಲಿ ಸಮುದ್ರವಿದೆ, ಕೆರೆಯನ್ನು ಸಮುದ್ರವೆಂದು ಕರೆದು ಹಿಗ್ಗಿದ ಹಿರಿಯರ ನಾಡು ಇದು. ಕಣ್ಣಿಗೆ ಬೀಳುವುದು ಮಾತ್ರ ಎರೆ ಹೊಲ ಮತ್ತು ಬಿಸಿಲು. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇರುವುದು ಇಲ್ಲೇ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಆಸ್ಪತ್ರೆಯ ಹೊರಗೆ ಗಿಡದ ನೆರಳು ಹುಡುಕಿ ಜನ ಕೂಡುತ್ತಾರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ರೋಗಿಯ ಜೊತೆ ಬಂದವರು ಅರಿವೆಯ ಗಂಟು ಬಿಚ್ಚುತ್ತಾರೆ. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಎಷ್ಟು ದಿನ ಇಲ್ಲಿ ಇರಬೇಕಾಗುತ್ತದೋ ಗೊತ್ತಿಲ್ಲದೆ ಹೊರಟವರು ಕಟ್ಟಿಕೊಳ್ಳುವ ಬುತ್ತಿ ಅದು. ವಾರವಾದರೂ ಕೆಡುವುದಿಲ್ಲ, ಹದಿನೈದು ದಿನವಾದರೂ ಮುರಿದರೆ ಅದೇ ಸದ್ದು.

ಅಲ್ಲಿಂದ ಊರೊಳಗೆ ಬಂದರೆ ಗದಗ-ಬೆಟಗೇರಿಯ ಓಣಿಗಳಲ್ಲಿ ಈಗ ಬೇರೊಂದು ಬಗೆಯ ಅಡುಗೆಮನೆ ಕಾಣುತ್ತದೆ. ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳು. 2020ರ ಲಾಕ್‌ಡೌನಿನಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಕೇಕ್ ಬೇಯಿಸಿ ಕಲಿತವರು ಎಷ್ಟೋ ಮಂದಿ. ಈಗ ಕೆಲವರ ಮನೆಯಲ್ಲಿ ಒಳ್ಳೆಯ ಓವನ್ ಇದೆ. ಅವರನ್ನು ಹೋಮ್ ಬೇಕರ್ ಎನ್ನುತ್ತಾರೆ. ಡಬ್ಬಿಯ ಮೇಲೆ ಅವರ ಹೆಸರು ಅಚ್ಚಾಗಿರುತ್ತದೆ. ಈ ಹುಡುಗಿಯರ ಬಗ್ಗೆ ನನಗೆ ಗೌರವವಿದೆ. ತಮ್ಮ ಕೈಯ ಕೆಲಸಕ್ಕೆ ತಾವೇ ಬೆಲೆ ಕಟ್ಟಿ, ಅದನ್ನು ಅಳುಕಿಲ್ಲದೆ ಕೇಳುವುದನ್ನು ಅವರು ಕಲಿತಿದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅದೇ ಓಣಿಯಲ್ಲಿ ಒಲೆಯ ಮುಂದೆ ಕೂತು ದಿನಕ್ಕೆ ನೂರು ರೊಟ್ಟಿ ಬಡಿಯುವ ಹೆಂಗಸೂ ಮನೆಯಲ್ಲಿ ಹಿಟ್ಟನ್ನು ಬೆಂಕಿಗೆ ಕೊಟ್ಟು ತಿನಿಸು ಮಾಡುವವಳೇ. ಅವಳಿಗೆ ಹೋಮ್ ಬೇಕರ್ ಎಂಬ ಹೆಸರು ಯಾಕಿಲ್ಲ? ಹೋಗಲಿ, ಅವಳ ಸ್ವಂತ ಹೆಸರಾದರೂ ಯಾಕಿಲ್ಲ? ಅವಳು ‘ರೊಟ್ಟಿ ಮಾಡಾಕಿ’, ಅಷ್ಟೇ.

ಕಸುಬಿನ ಕಷ್ಟದಿಂದ ಅಳೆದರೆ ಕೇಕಿಗಿಂತ ಜೋಳದ ರೊಟ್ಟಿ ಮೇಲೆಯೇ ನಿಲ್ಲುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ಹಿಟ್ಟನ್ನು ಅದೇ ಹಿಡಿದಿಡುತ್ತದೆ, ಎಳೆದರೆ ಹಿಗ್ಗುತ್ತದೆ, ಗಾಳಿ ತುಂಬಿದರೆ ಉಬ್ಬುತ್ತದೆ. ಜೋಳದಲ್ಲಿ ಅದು ಇಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದಕ್ಕೆ ಕುದಿಯುವ ಎಸರು ಬೇಕು. ಎಸರು ಬಿದ್ದ ಹಿಟ್ಟಿನಲ್ಲಿ ಪಿಷ್ಟ ಬೆಂದು ಜಿಗಿ ಬರುತ್ತದೆ. ಆ ಜಿಗಿ ಆರುವ ಮುಂಚೆ, ಕೈ ಸುಡುವಾಗಲೇ ನಾದಬೇಕು. ಎಸರು ಹೆಚ್ಚಾದರೆ ಹಿಟ್ಟು ಕೈಗೆ ಹತ್ತುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಹಳೆಯ ಜೋಳಕ್ಕೆ ಒಂದು ಅಳತೆ, ಹೊಸ ಜೋಳಕ್ಕೆ ಇನ್ನೊಂದು. ಆಮೇಲೆ ಬಡಿಯುವುದು: ಅಂಗೈ ಒಂದೇ ತೂಕದಲ್ಲಿ ಬೀಳುತ್ತಿರಬೇಕು, ರೊಟ್ಟಿ ತಾನೇ ತಿರುಗುತ್ತ ಹೋಗಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಆ ನೀರು ಆರುವ ಕ್ಷಣ ನೋಡಿ ಮಗುಚಬೇಕು. ತಡವಾದರೆ ಸೀಳುತ್ತದೆ, ಅವಸರ ಮಾಡಿದರೆ ಹಸಿ. ಇದನ್ನೆಲ್ಲ ಯಾವ ಹೆಂಗಸೂ ಬರೆದಿಟ್ಟುಕೊಂಡಿಲ್ಲ. ಮಣಿಕಟ್ಟಿನಲ್ಲಿ ಇಟ್ಟುಕೊಂಡಿದ್ದಾಳೆ.

ಜಗತ್ತಿನ ಇನ್ನೊಂದು ಒಣ ನೆಲದಲ್ಲಿ ಇದೇ ಕಷ್ಟವನ್ನು ಜನ ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡರು. ಗ್ರೀಸಿನ ದಕ್ಷಿಣಕ್ಕಿರುವ ಕ್ರೀಟ್ ದ್ವೀಪದ ಮಾತು ಇದು. ಸುತ್ತ ಸಮುದ್ರವಿದ್ದರೂ ಅಲ್ಲಿನ ಗುಡ್ಡದ ಊರುಗಳ ಮುಖ್ಯ ಆಹಾರ ಮೀನಲ್ಲ, ಬಾರ್ಲಿ. ಚಳಿಗಾಲದ ಮಳೆ ನಂಬಿ ಬಿತ್ತುವ, ಬಡ ನೆಲದಲ್ಲೂ ಬರುವ ಧಾನ್ಯ ಅದು. ನಮ್ಮ ಹಿಂಗಾರಿ ಜೋಳ ಎರೆಯೊಳಗೆ ಉಳಿದ ಹಸಿಯನ್ನೇ ಕುಡಿದು ಬೆಳೆಯುವ ಹಾಗೆ. ಬಾರ್ಲಿಯ ಹಿಟ್ಟಿಗೂ ಅಂಟು ಸಾಲದು. ಅದರ ರೊಟ್ಟಿ ಗೋಧಿ ಬ್ರೆಡ್ಡಿನಂತೆ ಉಬ್ಬಿ ಹಗುರಾಗುವುದಿಲ್ಲ, ಬೇಗ ಗಟ್ಟಿಯಾಗುತ್ತದೆ. ಕ್ರೀಟಿನ ಹೆಂಗಸರು ಆ ಗಟ್ಟಿತನವನ್ನೇ ಗುಣ ಮಾಡಿಕೊಂಡರು. ಭಟ್ಟಿಯಲ್ಲಿ ರೊಟ್ಟಿಯನ್ನು ಒಮ್ಮೆ ಬೇಯಿಸಿ, ಸೀಳಿ, ಬೆಂಕಿ ಇಳಿದ ಭಟ್ಟಿಯೊಳಗೆ ಮತ್ತೆ ಇಟ್ಟು ಪೂರಾ ಒಣಗಿಸಿದರು. ಅದಕ್ಕೆ ಪಕ್ಸಿಮಾದಿ ಎನ್ನುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಕುರಿಗಾರ, ನಾವಿಕ, ಹೊಲದ ಆಳು, ಎಲ್ಲರ ಚೀಲದಲ್ಲೂ ಅದು. ತಿನ್ನುವಾಗ ನೀರು ಚಿಮುಕಿಸಿ, ಮೇಲೆ ಆಲಿವ್ ಎಣ್ಣೆ, ತುರಿದ ಟೊಮೆಟೊ, ಮಿಜಿತ್ರಾ ಎಂಬ ಮೆತ್ತನೆಯ ಗಿಣ್ಣು ಹಾಕಿದರೆ ದಾಕೋಸ್ ಆಗುತ್ತದೆ. ನಮ್ಮಲ್ಲಿ ಖಡಕ್ ರೊಟ್ಟಿಯನ್ನು ಮುರಿದು ಮೊಸರಲ್ಲಿ ನೆನೆಸಿ, ಗುರೆಳ್ಳು ಚಟ್ನಿ, ಕುಸುಬಿ ಎಣ್ಣೆ ಹಾಕಿಕೊಂಡು ಉಣ್ಣುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಬದುವಿನಲ್ಲಿ ಕಿತ್ತು ತರುವ ಕಾಡು ಚಿಕೋರಿ ಸೊಪ್ಪು, ನಮ್ಮ ಎರೆ ಹೊಲದ ಹಕ್ಕರಕಿ, ಎರಡೂ ಸೇವಂತಿಗೆಯ ಕುಲಕ್ಕೆ ಸೇರಿದ ಸಸ್ಯಗಳು. ಎರಡರಲ್ಲೂ ಅದೇ ಸಣ್ಣ ಕಹಿ.

ಗ್ರೀಕರ ಮಾತು ಇಲ್ಲೇಕೆ ಎನ್ನುವವರಿಗೆ ಒಂದು ಹಳೆಯ ನಂಟು ನೆನಪಿಸಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೇ ಶತಮಾನದ್ದೆನ್ನುವ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂದು ವಿದ್ವಾಂಸ ಹುಲ್ಟ್ಷ್ 1904ರಲ್ಲಿ ವಾದಿಸಿದ. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ವಿದ್ವಾಂಸರ ನಡುವೆ ಆ ಚರ್ಚೆ ಮುಗಿದಿಲ್ಲ. ಆ ಪ್ರಹಸನದಲ್ಲಿ ಸೆರೆಯಾದ ಗ್ರೀಕ್ ಹೆಣ್ಣನ್ನು ಬಿಡಿಸಿಕೊಳ್ಳಲು ಈ ಕಡೆಯ ರಾಜನಿಗೆ ದ್ರಾಕ್ಷಾರಸ ಕುಡಿಸಿ ಮೈಮರೆಸುತ್ತಾರೆ. ಎರಡು ಭಾಷೆಗಳು ಒಂದು ಪಂಕ್ತಿಯಲ್ಲಿ ಕೂತ ಮೊದಲ ಚಿತ್ರ ಅದಾಗಿದ್ದರೆ, ಅಲ್ಲಿ ರೊಟ್ಟಿ ಇರಲಿಲ್ಲವಲ್ಲ ಎಂದು ನನಗೆ ಅನ್ನಿಸುವುದುಂಟು.

ಕ್ರೀಟಿನ ರೊಟ್ಟಿಗೂ ನಮ್ಮ ರೊಟ್ಟಿಗೂ ಸಾಮ್ಯ ಅಷ್ಟಿದ್ದರೂ ಎರಡರ ನಡುವೆ ಒಂದು ದೊಡ್ಡ ಅಂತರವಿದೆ. ನನ್ನ ವಾದ ನಿಂತಿರುವುದು ಆ ಅಂತರದ ಮೇಲೆ. ಕ್ರೀಟಿನ ಭಟ್ಟಿ ಕಾಯಲು ಹೊರೆಗಟ್ಟಲೆ ಪೊದೆ-ಪುರಳೆ ಬೇಕು. ದಿನಾ ಅದನ್ನು ಹೊತ್ತಿಸಲಾಗದು. ಅದಕ್ಕೇ ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಒಟ್ಟಿಗೆ ಬೇಯಿಸಿ ಒಣಗಿಸಿಡುವ ರೂಢಿ. ಭಟ್ಟಿ ಇಲ್ಲದ ಮನೆಯವರು ನೆರೆಮನೆಯ ಭಟ್ಟಿಗೆ ಹೋಗುತ್ತಿದ್ದರು. ಊರಿಗೆ ಬೇಕರಿ ಬಂದ ಮೇಲೆ ಭಾನುವಾರದ ಅಡುಗೆಯ ತಟ್ಟೆಯನ್ನೂ ಅಲ್ಲಿನ ಭಟ್ಟಿಗೆ ಒಯ್ದು ಕೊಟ್ಟು ಬರುತ್ತಿದ್ದರು. ನಮ್ಮ ಬಯಲುಸೀಮೆಯಲ್ಲೂ ಕಟ್ಟಿಗೆ ಇಲ್ಲ. ಇರುವುದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಭಗ್ಗನೆ ಹತ್ತಿ ಬೇಗ ಆರುವ ಬೆಂಕಿ. ಆ ಬೆಂಕಿಗೆ ಒಪ್ಪಿದ್ದು ತೆಳ್ಳನೆಯ ರೊಟ್ಟಿ ಮತ್ತು ಹಂಚು. ಬೆಂಕಿ ಉಳಿಯಿತು, ಆದರೆ ದುಡಿಮೆ ದಿನನಿತ್ಯದ್ದಾಯಿತು. ಅಲ್ಲಿನ ಹೆಂಗಸಿನ ರೊಟ್ಟಿ ಕೆಲಸ ತಿಂಗಳಿಗೆ ಎರಡು ದಿನ, ನಾಲ್ಕು ಜನರ ಜೊತೆ, ಮಾತಾಡುತ್ತ. ಇಲ್ಲಿನವಳದು ದಿನಕ್ಕೆರಡು ಸಲ, ಒಬ್ಬಳೇ, ಹೊಗೆಯಲ್ಲಿ.

ಒಂದು ಸಾದಾ ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿ ಆರು ಜನ. ಹೊತ್ತಿಗೆ ಮೂರರಂತೆ ಎರಡು ಹೊತ್ತಿಗೆ 36 ರೊಟ್ಟಿ. ಪಳಗಿದ ಕೈಗೂ ಒಂದು ರೊಟ್ಟಿಗೆ ಎರಡು ನಿಮಿಷ ಹಿಡಿಯುತ್ತದೆ. ದಿನಕ್ಕೆ 72 ನಿಮಿಷ, ಹಿಟ್ಟು ಬೀಸಿಸಿ ತಂದು ಒಲೆ ಹೊತ್ತಿಸುವುದು ಬಿಟ್ಟು. ವರ್ಷಕ್ಕೆ 13,140 ರೊಟ್ಟಿ. 30 ವರ್ಷ ಸಂಸಾರ ಮಾಡಿದವಳ ಲೆಕ್ಕ 3,94,200. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುವುದನ್ನು ನಾವು ಪ್ರತಿ ವರ್ಷ ಬೆರಗಿನಿಂದ ಓದುತ್ತೇವೆ, ಫೋಟೊ ನೋಡುತ್ತೇವೆ. ನಮ್ಮ ಪ್ರತಿ ಮನೆಯ ಮುದುಕಿಯೂ ಒಬ್ಬಳೇ ಹೆಚ್ಚುಕಡಿಮೆ ಅಂಥದ್ದೊಂದು ಜಾತ್ರೆಯನ್ನು ನಡೆಸಿ ಎದ್ದು ಹೋಗಿದ್ದಾಳೆ. ಅದರ ಫೋಟೊ ಯಾರೂ ತೆಗೆಯಲಿಲ್ಲ. ನನ್ನ ಅವ್ವನ ಬಲಗೈಯ ಮಣಿಕಟ್ಟು ಕೊನೆಯ ವರ್ಷಗಳಲ್ಲಿ ನೀರಿನ ತಂಬಿಗೆ ಎತ್ತಲೂ ನೋಯುತ್ತಿತ್ತು. ಆಕೆ ಅದನ್ನು ‘ವಾಯು’ ಅನ್ನುತ್ತಿದ್ದಳು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಸಾಂಪ್ರದಾಯಿಕ ಅಡುಗೆಯನ್ನು ಹೊಗಳುವ ಮಾತು ಈಗ ಎಲ್ಲೆಡೆ ಕೇಳುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳಕ್ಕೂ ಆ ಗೌರವದಲ್ಲಿ ಪಾಲು ಸಿಕ್ಕಿತು. ಒಳ್ಳೆಯದೇ. ಆದರೆ ಈ ಹೊಗಳಿಕೆ ಧಾನ್ಯಕ್ಕೆ ಮುಟ್ಟುತ್ತದೆ, ಆರೋಗ್ಯಕ್ಕೆ ಮುಟ್ಟುತ್ತದೆ, ಪರಂಪರೆ ಎಂಬ ಮಾತಿಗೆ ಮುಟ್ಟುತ್ತದೆ. ಹಂಚಿನ ಮುಂದೆ ಕೂತವಳಿಗೆ ಮುಟ್ಟುವುದಿಲ್ಲ. ಗ್ರೀಸಿನಲ್ಲೂ ಇದು ನಡೆದಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಗ್ರೀಕ್ ಸರ್ಕಾರ ಕರೆಸಿದ ರಾಕ್‌ಫೆಲರ್ ಪ್ರತಿಷ್ಠಾನದವರು ಕ್ರೀಟಿನ ಮನೆಮನೆಯ ಊಟದ ಸಮೀಕ್ಷೆ ಮಾಡಿದರು. ಧಾನ್ಯ, ಬೇಳೆಕಾಳು, ಸೊಪ್ಪು, ಹಣ್ಣು, ಆಲಿವ್ ಎಣ್ಣೆ ಇವೇ ಜನರ ಊಟವಾಗಿದ್ದವು, ಮಾಂಸ ಅಪರೂಪ. ಏನು ಹೆಚ್ಚು ಬೇಕು ಎಂದು ಕೇಳಿದರೆ ಆ ಜನ ಮಾಂಸ ಬೇಕೆಂದರು. ಹತ್ತು ವರ್ಷದ ಮೇಲೆ, 1958ರಲ್ಲಿ ಆನ್ಸೆಲ್ ಕೀಸ್ ಶುರುಮಾಡಿದ ಏಳು ದೇಶಗಳ ಅಧ್ಯಯನ ಅದೇ ಊಟವನ್ನು ಹೃದಯಕ್ಕೆ ಹಿತವಾದದ್ದೆಂದು ಜಗತ್ತಿಗೆ ಸಾರಿತು. 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಮಕ್ಕಳ ಬೊಜ್ಜು ಹೆಚ್ಚಿರುವ ಯುರೋಪಿನ ದೇಶಗಳಲ್ಲಿ ಗ್ರೀಸ್ ಇವತ್ತು ಮುಂಚೂಣಿಯಲ್ಲಿದೆ. ಪಟ್ಟಿಗೆ ಸೇರಿದ್ದು ಅಡುಗೆಯ ಹೆಸರು. ಅಡುಗೆಮನೆ ಅಷ್ಟರಲ್ಲಿ ಖಾಲಿಯಾಗುತ್ತಿತ್ತು.

ಬಡತನ ಕಟ್ಟಿಹಾಕಿ ಉಣಿಸಿದ್ದನ್ನು ಆಮೇಲೆ ಯಾರೋ ಬಂದು ಜ್ಞಾನವೆಂದು ಕರೆದಾಗ ಉಂಡವರಿಗೆ ಹೇಗನ್ನಿಸೀತು? 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಕಡೆಯ ಕೆಲವು ಓದಿದವರು, ಇದರಿಂದ ಜೋಳದ ಊಟ ಕೆಟ್ಟಿತು ಎಂದು ನಿಟ್ಟುಸಿರು ಬಿಟ್ಟರು. ನನಗೆ ಆ ನಿಟ್ಟುಸಿರಿನಲ್ಲಿ ಪಾಲಿಲ್ಲ. ಹೊಲದಲ್ಲಿ ಕಳೆ ತೆಗೆದು ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ ಹೆಣ್ಣುಮಗಳು ಕುಕ್ಕರಿಗೆ ಅಕ್ಕಿ ಹಾಕಿ ಕಾಲು ಚಾಚಿ ಕೂತದ್ದನ್ನು ನಾನು ಕಂಡಿದ್ದೇನೆ. ಅವಳ ಜೀವನದಲ್ಲಿ ಆ ಅರ್ಧ ಗಂಟೆ ಮೊದಲ ಸಲ ಬಂದದ್ದು. ಅಕ್ಕಿ ಗೆದ್ದದ್ದು ರುಚಿಯಿಂದಲ್ಲ, ಬರೀ ಬೆಲೆಯಿಂದಲೂ ಅಲ್ಲ. ಅದಕ್ಕೆ ಬಡಿಯುವ ಕೈ ಬೇಕಿಲ್ಲ ಎಂಬುದರಿಂದ. ಇದನ್ನು ಒಪ್ಪಿಕೊಳ್ಳದೆ ಜೋಳವನ್ನು ಉಳಿಸುವ ಮಾತೇ ಆಡಬಾರದು.

‘ಈಗಿನ ಹುಡಿಗ್ಯಾರಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ’ ಎಂಬ ದೂರೂ ಹೀಗೆಯೇ. ಕನ್ಯೆ ನೋಡಲು ಬಂದವರು ‘ರೊಟ್ಟಿ ಮಾಡಾಕ ಬರ್ತೈತೇನವಾ?’ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಪೂರಾ ಹೋಗಿಲ್ಲ. ಆ ಪ್ರಶ್ನೆಯಲ್ಲಿ ಕಸುಬಿನ ಗೌರವವಿದ್ದರೆ ಗಂಡಿಗೂ ಕೇಳುತ್ತಿದ್ದರು. ಕೇಳುವುದು ಸಂಬಳವಿಲ್ಲದ ಆಳು ಸಿಗುತ್ತಾಳೋ ಇಲ್ಲವೋ ಎಂದು. ಬಿ.ಎ., ಬಿ.ಇಡಿ. ಮಾಡಿದ ಹುಡುಗಿ ‘ಬರೂದಿಲ್ಲ’ ಎಂದರೆ ಆಕೆ ಪರಂಪರೆಯನ್ನು ಕಡಿಯುತ್ತಿಲ್ಲ. ತನ್ನ ಅವ್ವನ ಮಣಿಕಟ್ಟು ನೋಡಿ ಬೆಳೆದವಳು ಆಕೆ.

ನಾಚಿಕೆಯ ಕಥೆಯೂ ಇದರೊಳಗೆ ಸೇರಿದೆ. ನಾವು ಚಿಕ್ಕವರಿದ್ದಾಗ ಹಾಸ್ಟೆಲಿನಲ್ಲಿ ಊರ ಬಸ್ಸಿಗೆ ಬಂದ ಬುತ್ತಿ ಗಂಟನ್ನು ಎಲ್ಲರೆದುರು ಬಿಚ್ಚಲು ಹಿಂದೆಮುಂದೆ ನೋಡುವ ಹುಡುಗರಿದ್ದರು. ಚಪಾತಿ ತಂದವನು ಮೇಲಿನವನು, ರೊಟ್ಟಿ ತಂದವನು ಹಳ್ಳಿಯವನು. ಗ್ರೀಸಿನಲ್ಲಿ ಈ ನಾಚಿಕೆಗೆ ಒಬ್ಬ ದೊಡ್ಡ ಬಾಣಸಿಗ ರೂಪ ಕೊಟ್ಟ. ನಿಕೊಲಾವೊಸ್ ತ್ಸೆಲೆಮೆಂತೇಸ್ 20ನೇ ಶತಮಾನದ ಮೊದಲರ್ಧದಲ್ಲಿ ಬರೆದ ಅಡುಗೆ ಪುಸ್ತಕಗಳಲ್ಲಿ ಗ್ರೀಕ್ ಅಡುಗೆಯಿಂದ ಪೂರ್ವದ ಗುರುತುಗಳನ್ನು ಕಳೆದು ಫ್ರೆಂಚ್ ಮೆರುಗು ಕೊಡಲು ಹೊರಟ. ಇವತ್ತು ಜಗತ್ತಿನ ಹೋಟೆಲುಗಳಲ್ಲಿ ಸಾಂಪ್ರದಾಯಿಕ ಗ್ರೀಕ್ ಖಾದ್ಯವೆಂದು ಬಡಿಸುವ ಮುಸಾಕಾದ ಮೇಲಿನ ಬಿಳಿಯ ಬೆಶಾಮೆಲ್ ಪದರ ಅವನು ಹೊದಿಸಿದ್ದು. ಅವನು ಮನೆಮಾತಾದದ್ದು ಎಷ್ಟೆಂದರೆ, ಗ್ರೀಕ್ ಭಾಷೆಯಲ್ಲಿ ಅಡುಗೆ ಪುಸ್ತಕಕ್ಕೇ ‘ತ್ಸೆಲೆಮೆಂತೇಸ್’ ಎನ್ನುತ್ತಾರೆ. ಬದನೆಕಾಯಿಯನ್ನು ನೂರಾರು ವರ್ಷ ಹುರಿದು ಬೇಯಿಸಿದ ಹೆಂಗಸರ ಹೆಸರು ಯಾವ ಮಾತಿಗೂ ಬರಲಿಲ್ಲ. ಕಾಗದಕ್ಕಿಳಿಸಿದವನಿಗೆ ಹೆಸರು ಸಿಕ್ಕಿತು.

ನಾನು ಪರಂಪರೆಯ ಶುದ್ಧಿಯ ಕಡೆಯವನಲ್ಲ. ಜೋಳ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲಕ್ಕೆ ಬಂದವು. ದಾಕೋಸಿನ ಮೇಲಿನ ಟೊಮೆಟೊ ಕೂಡ ಅಲ್ಲಿಂದಲೇ. ನಮ್ಮ ಬಿಳಿ ಜೋಳದ ರೊಟ್ಟಿಗೆ ಹೆಸರುವಾಸಿಯಾದ ಮಾಲ್ದಂಡಿ 35-1 ತಳಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದದ್ದು. ಆದ್ದರಿಂದ ರೊಟ್ಟಿಯನ್ನು ‘ಹಾಗೆಯೇ’ ಉಳಿಸಿ ಎಂದು ನಾನು ಹೇಳಲಾರೆ. ಮನೆಮನೆಯ ಒಬ್ಬೊಬ್ಬಳ ಹೆಗಲ ಮೇಲೆ ಕೂತ ನಿತ್ಯದ ಕರ್ತವ್ಯವಾಗಿ ಅದು ಉಳಿಯುವುದಿಲ್ಲ, ಉಳಿಯಲೂ ಬಾರದು. ಕೂಲಿ ಸಿಗುವ, ಹೆಸರು ಇರುವ, ಜೊತೆಗೂಡಿ ಮಾಡುವ ಕಸುಬಾಗಿ ಉಳಿಯಬಹುದು. ಪಕ್ಸಿಮಾದಿ ಇವತ್ತಿಗೂ ಉಳಿದದ್ದು ಪ್ರತಿ ಮನೆಯ ಭಟ್ಟಿಯಲ್ಲಲ್ಲ, ಊರ ಬೇಕರಿಯಲ್ಲಿ. ಅದು ಮನೆ ದಾಟಿತು, ಅದಕ್ಕೇ ಬದುಕಿತು.

ಜೊತೆಗೂಡುವುದು ನಮಗೆ ಹೊಸದೂ ಅಲ್ಲ. ಖಡಕ್ ರೊಟ್ಟಿ ಎಂಬುದೇ ಕೂಟದ ರೊಟ್ಟಿ. ಮದುವೆ ಗೊತ್ತಾದ ಮನೆಗೆ ಓಣಿಯ ಹೆಂಗಸರು ಮುಯ್ಯಿಯಾಗಿ ಬಂದು ಸಾಲಾಗಿ ಕೂತು ಬಡಿಯುತ್ತಾರೆ. ಒಬ್ಬರು ನಾದುತ್ತಾರೆ, ಒಬ್ಬರು ಬೇಯಿಸುತ್ತಾರೆ, ಹಿರಿಯಳೊಬ್ಬಳು ಹಾಡು ತೆಗೆಯುತ್ತಾಳೆ. ನಾಗಪಂಚಮಿಗೆ ಮುಂಚೆ ರೊಟ್ಟಿ ಹಬ್ಬ. ಜೋಳದ್ದು, ಎಳ್ಳು ಹಚ್ಚಿದ ಸಜ್ಜಿಯದು, ಪಲ್ಯ, ಚಟ್ನಿ ಎಲ್ಲ ಬುಟ್ಟಿಯಲ್ಲಿಟ್ಟು ಮನೆಯಿಂದ ಮನೆಗೆ ಹೋಗುತ್ತವೆ. ಇದಕ್ಕೆಲ್ಲ ಕಳಶವಿಟ್ಟಂತೆ ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ. ಸುತ್ತಲ ಊರುಗಳವರು ತಂದ ಖಡಕ್ ರೊಟ್ಟಿಯನ್ನು ಕರಿಂಡಿಯ ಜೊತೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಯಾರ ಮನೆಯ ಒಲೆಯ ಮೇಲೆ ಬೆಂದದ್ದನ್ನು ಯಾರು ಉಣ್ಣಬಾರದು ಎಂಬುದೇ ಜಾತಿಯ ಗಟ್ಟಿ ಕಟ್ಟುಪಾಡಾಗಿದ್ದ ಸಮಾಜದಲ್ಲಿ, ಎಲ್ಲ ಮನೆಗಳ ರೊಟ್ಟಿ ಒಂದು ರಾಶಿಯಲ್ಲಿ ಬೆರೆತು, ಯಾವುದು ಯಾರದೆಂದು ತಿಳಿಯದಂತಾಗುವುದು ದೊಡ್ಡ ಮಾತು. ಅಲ್ಲಿ ರೊಟ್ಟಿಗೆ ಹೆಸರಿಲ್ಲದಿರುವುದೇ ಅದರ ಘನತೆ. ನಾನು ಹೆಸರಿನ ಪರವಾಗಿ ಬರೆಯುತ್ತಿದ್ದರೂ ಇದನ್ನು ಮರೆಯಲಾರೆ.

ಗ್ರೀಕ್ ಆರ್ಥೊಡಾಕ್ಸ್ ಚರ್ಚಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪದ್ಧತಿಯಿದೆ. ಹೆಂಗಸರು ಮನೆಯಲ್ಲಿ ಪ್ರೋಸ್ಫೊರೊ ಎಂಬ ರೊಟ್ಟಿ ಮಾಡಿ, ಮೇಲೆ ಮರದ ಮುದ್ರೆಯೊತ್ತಿ ಚರ್ಚಿಗೆ ಕೊಡುತ್ತಾರೆ. ಜೊತೆಗೆ ಒಂದು ಚೀಟಿ: ಬದುಕಿರುವ ತನ್ನವರ ಹೆಸರು, ತೀರಿಹೋದ ತನ್ನವರ ಹೆಸರು. ಪಾದ್ರಿ ಪೂಜೆಯಲ್ಲಿ ಆ ಹೆಸರುಗಳನ್ನು ಸ್ಮರಿಸುತ್ತಾನೆ. ರೊಟ್ಟಿಯ ಜೊತೆ ಹೆಸರು ಹೋದರೆ ದಾನ ಸಣ್ಣದಾಗುವುದಿಲ್ಲ. ದಾಸೋಹದಲ್ಲಿ ಹೆಸರು ಕರಗಲಿ, ಅದು ಕೊಟ್ಟವಳು ತಾನಾಗಿ ಕೊಟ್ಟದ್ದು. ಆದರೆ ಅಂಗಡಿಯಲ್ಲಿ, ಖಾನಾವಳಿಯಲ್ಲಿ, ಪ್ಯಾಕೆಟ್ಟಿನ ಮೇಲೆ ಹೆಸರು ಕರಗಿದರೆ ಅದು ದಾಸೋಹವಲ್ಲ.

ರೊಟ್ಟಿ ಈಗಾಗಲೇ ಮನೆ ದಾಟಿದೆ ಎನ್ನುವುದು ಗೊತ್ತಿದ್ದದ್ದೇ. ಗದಗ, ಹುಬ್ಬಳ್ಳಿಗಳಲ್ಲಿ ರೊಟ್ಟಿ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ನಮ್ಮ ಕಡೆಯವರು ಇರುವ ಬಡಾವಣೆಗಳಿಗೆಲ್ಲ ಖಡಕ್ ರೊಟ್ಟಿಯ ಕಟ್ಟು ಹೋಗುತ್ತದೆ. ಹಾಗೆ ದಾಟುವಾಗ ಎರಡು ಕೇಡುಗಳು ಬೆನ್ನು ಹತ್ತುತ್ತವೆ. ಒಂದು, ಕಲಬೆರಕೆ. ಜೋಳಕ್ಕೆ ಅಕ್ಕಿ ಹಿಟ್ಟೋ ಮೈದಾವೋ ಸೇರಿಸಿದರೆ ಯಂತ್ರಕ್ಕೆ ಸುಲಭ, ಬೆಲೆಗೂ ಸುಲಭ. ಗ್ರೀಕರು ತಮ್ಮ ಫೆತಾ ಗಿಣ್ಣಿಗಾಗಿ ಯುರೋಪಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೊಡೆದಾಡಿದ್ದು ಇದಕ್ಕೇ. 2002ರಲ್ಲಿ ಆ ಹೆಸರಿಗೆ ರಕ್ಷಣೆ ಸಿಕ್ಕಿತು. ಡೆನ್ಮಾರ್ಕ್, ಜರ್ಮನಿ ತಕರಾರು ತೆಗೆದವು. 2005ರಲ್ಲಿ ತೀರ್ಪು ಗ್ರೀಸಿನ ಪರ ಬಂತು. ಫೆತಾ ಎಂದರೆ ಕುರಿಯ ಹಾಲು, ಬೆರೆಸಿದರೆ ನೂರಕ್ಕೆ 30 ಪಾಲಿನೊಳಗೆ ಮೇಕೆಯದು, ಹಸುವಿನದಲ್ಲ. ನಮ್ಮಲ್ಲೂ ಬ್ಯಾಡಗಿ ಮೆಣಸಿನಕಾಯಿಗೆ, ಧಾರವಾಡ ಪೇಡೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಕೈರೊಟ್ಟಿ ಎಂದರೆ ಬರೀ ಜೋಳ, ಎಸರು, ಅಂಗೈ ಎಂದು ಹೇಳುವ ಒಂದು ಮುದ್ರೆ ರೊಟ್ಟಿಗೂ ಬೇಕು. ಯಂತ್ರವನ್ನು ನಾನು ಬೇಡವೆನ್ನುವುದಿಲ್ಲ. ನಾದುವ ಯಂತ್ರ ಬಂದರೆ ಎಷ್ಟೋ ಹೆಗಲುಗಳು ಉಳಿಯುತ್ತವೆ. ಯಂತ್ರ ಒತ್ತಿದ್ದನ್ನು ಕೈಯದೆಂದು ಮಾರಬಾರದು, ಇಷ್ಟೇ.

ಎರಡನೆಯ ಕೇಡು ಇನ್ನೂ ಮೆಲ್ಲಗೆ ಬರುತ್ತದೆ. ಗ್ರೀಸಿನಲ್ಲಿ ರೊಟ್ಟಿ ಮನೆ ಬಿಟ್ಟು ಬೇಕರಿಗೆ ಹೋದಾಗ ಭಟ್ಟಿಯ ಮುಂದೆ ನಿಂತವನು ಹೆಚ್ಚಾಗಿ ಗಂಡಸು. ಪುಕ್ಕಟೆ ಇದ್ದಾಗ ಹೆಣ್ಣಿನ ಕೆಲಸ, ದುಡ್ಡು ಬಂದಾಗ ಗಂಡಿನ ವ್ಯಾಪಾರ. ನಮ್ಮಲ್ಲಿ ಬಡಿಯುವುದು ಇನ್ನೂ ಹೆಂಗಸರ ಕೈಯಲ್ಲೇ ಇದೆ. ಗಲ್ಲಾಪೆಟ್ಟಿಗೆ ಎಷ್ಟೋ ಕಡೆ ಅವರ ಕೈಯಲ್ಲಿಲ್ಲ.

ಬೆಟಗೇರಿಯಲ್ಲಿ ನಾನು ರೊಟ್ಟಿ ಕೊಳ್ಳುವ ಮನೆಯೊಂದಿದೆ. ಅಲ್ಲಿನ ಅಕ್ಕ ದಿನಾ ಬೆಳಗ್ಗೆ ಐದಕ್ಕೆ ಕೂತವರು ಹತ್ತರ ಹೊತ್ತಿಗೆ ಏಳುತ್ತಾರೆ. ಒಂದು ದಿನ ನನ್ನ ಈ ವಿಚಾರವನ್ನು ಅವರ ಮುಂದಿಟ್ಟೆ: ರೊಟ್ಟಿಯ ಕಟ್ಟಿನ ಮೇಲೆ ನಿಮ್ಮ ಹೆಸರು ಹಾಕಬೇಕ್ರಿ ಅಕ್ಕಾರ, ಕೇಕಿನ ಡಬ್ಬಿ ಮ್ಯಾಲ ಹಾಕ್ತಾರಲ್ಲ ಹಂಗ. ಅವರು ಹಂಚಿನಿಂದ ಕಣ್ಣು ತೆಗೆಯಲಿಲ್ಲ. ‘ಹೆಸರ ತಗೊಂಡ ಏನ ಮಾಡ್ಲ್ಯೋ ತಮ್ಮಾ? ಒಂದ ರೊಟ್ಟಿಗೆ ಒಂದ ರೂಪಾಯಿ ಹೆಚ್ಚಿಗಿ ಕೊಡಸ ನೋಡು.’

ಮನೆಗೆ ಬಂದು ಲೆಕ್ಕ ಹಾಕಿದೆ. 2024-25ಕ್ಕೆ ಸರ್ಕಾರ ಮಾಲ್ದಂಡಿ ಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. ಒಂದು ಕೆಜಿ ಹಿಟ್ಟಿಗೆ ಹನ್ನೆರಡು-ಹದಿನಾಲ್ಕು ರೊಟ್ಟಿ. ಬೆಂಬಲ ಬೆಲೆಯಲ್ಲೇ ಜೋಳ ಸಿಕ್ಕಿತೆಂದು ಹಿಡಿದರೂ ಒಂದು ರೊಟ್ಟಿಗೆ ಕಾಳಿನದೇ ಎರಡೂವರೆ ರೂಪಾಯಿ. ಅಂಗಡಿಯಲ್ಲಿ ಕೊಂಡರೆ ಇನ್ನೂ ಹೆಚ್ಚು. ಅದರ ಮೇಲೆ ಬೀಸಿದ್ದು, ಕಟ್ಟಿಗೆ ಅಥವಾ ಗ್ಯಾಸು. ಅವರಿಂದ ನಾನು ಕೊಳ್ಳುವುದು ಏಳು ರೂಪಾಯಿಗೆ. ಉಳಿದ ಎರಡೋ ಮೂರೋ ರೂಪಾಯಿಯಲ್ಲಿ ಎಸರಿನ ಬಿಸಿ, ಐದು ತಾಸು ಕೂತ ಸೊಂಟ, ಕಲಿತ ಮೂವತ್ತು ವರ್ಷ ಎಲ್ಲ ಸೇರಿವೆ. ಅರ್ಧ ಕೆಜಿ ಕೇಕಿಗೆ ನಾವು ಚೌಕಾಶಿಯಿಲ್ಲದೆ ಕೊಡುವ ದುಡ್ಡಿನಲ್ಲಿ ಇಂಥ ಐವತ್ತು ರೊಟ್ಟಿ ಬರುತ್ತವೆ. ರೊಟ್ಟಿಗೆ ಎಂಟು ರೂಪಾಯಿ ಅಂದರೆ ನಾವೇ ‘ಯಾಕ್ರಿ ಇಷ್ಟ ತುಟ್ಟಿ’ ಅನ್ನುತ್ತೇವೆ. ಅವ್ವ ಪುಕ್ಕಟೆ ಮಾಡಿಹಾಕಿದ್ದನ್ನು ದುಡ್ಡು ಕೊಟ್ಟು ಕೊಳ್ಳಲು ಮನಸ್ಸು ಇನ್ನೂ ಒಗ್ಗಿಲ್ಲ. ಅಕ್ಕ ಹೇಳಿದ್ದು ಸರಿ, ಹೆಸರು ಬೆಲೆಯ ಹಿಂದೆ ಬರುತ್ತದೆ.

ಬೆಲೆಯನ್ನು ಒಬ್ಬೊಬ್ಬರೇ ಏರಿಸಲಾಗದು. ಏರಿಸಿದವರನ್ನು ಬಿಟ್ಟು ಅಂಗಡಿಯವನು ಪಕ್ಕದ ಮನೆಗೆ ಹೋಗುತ್ತಾನೆ. ಇದಕ್ಕೆ ಮದ್ದು ಗೊತ್ತಿಲ್ಲದ ನೆಲವಲ್ಲ ನಮ್ಮದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಘ ಅದು. ಸಾಹುಕಾರನ ಬಡ್ಡಿಗೆ ಒಬ್ಬೊಬ್ಬರೇ ತಲೆ ಕೊಟ್ಟು ಸೋತ ರೈತರು ಒಟ್ಟಾಗಿ ನಿಂತದ್ದು ಅಲ್ಲಿ. ಈಚಿನ ವರ್ಷಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುವ ಕೆಲಸ ನಡೆದಿದೆ; ಜಿಲ್ಲೆಯ ಹೆಸರು ಪ್ಯಾಕೆಟ್ಟಿನ ಮೇಲೆ ಬಂದಿದೆ. ಗದಗ ಜಿಲ್ಲೆಯಲ್ಲೂ ಇದು ಆಗಬೇಕು, ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ. ಓಣಿಗೊಂದು ರೊಟ್ಟಿ ಮನೆ, ಹೊಗೆ ಹೊರಗೆ ಹೋಗುವ ಒಲೆಗಳು, ನಿಂತು ಬಡಿಯಲು ಎತ್ತರದ ಕಟ್ಟೆ, ಒಟ್ಟಿಗೆ ಕೊಂಡ ಮಾಲ್ದಂಡಿ, ಬಡಿಯುವವರೇ ಇಟ್ಟ ದರ. ಮಲ್ಲಸಮುದ್ರದ ಆಸ್ಪತ್ರೆಯ ಹೊರಗೆ ಅಂಥದೊಂದು ಇದ್ದರೆ ಬುತ್ತಿ ಮುಗಿದ ನಾಲ್ಕನೆಯ ದಿನ ಮುಂಡರಗಿಯಿಂದ ಬಂದವರು ಬನ್ನಿಗೆ ಕೈಯೊಡ್ಡುವುದು ತಪ್ಪುತ್ತದೆ.

ಇದನ್ನೂ ಅಕ್ಕನಿಗೆ ಹೇಳಿದೆ. ಅವರು ಕೊನೆಯ ರೊಟ್ಟಿ ಮಗುಚಿ ಒಲೆಯಿಂದ ಕಟ್ಟಿಗೆ ಹೊರಗೆಳೆದು, ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಸಂಘ ಮಾಡೂಣಪಾ, ನಾ ಬರ್ತೀನಿ. ನಾ ಅಲ್ಲಿ ಹೋಗಿ ಬಡದ್ರ, ಮನ್ಯಾಗಿನ ರೊಟ್ಟಿ ಯಾರ ಬಡೀಬೇಕು?’

ಅವರ ಮಗ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಇಪ್ಪತ್ತರ ಹುಡುಗ, ಒಳ್ಳೆಯ ಗಟ್ಟಿ ಕೈ. ನಾನು ಅವನ ಕಡೆ ನೋಡಿದೆ. ಅಕ್ಕನೂ ತಿರುಗಿ ಅವನನ್ನು ನೋಡಿದರು.